ಚಾಳು ಹೋಗಿ ಟವರ್ ಬಂತು, ಮೆಣಸಿನಕಾಯಿ ಎಲ್ಲಿ ಒಣಗಿಸೋದು? (ಲಾಲ್‌ಬಾಗ್-ಪರೇಲ್ ಕನ್ನಡಿಗರಿಗೆ ಒಂದು ಪ್ರಶ್ನೆ)

ಪರೇಲ್ ಪೋರ:

ಎಲ್ಲರಿಗೂ ನಮಸ್ಕಾರ. ಮುಂಬೈನ ಲಾಲ್‌ಬಾಗ್, ಪರೇಲ್, ವರ್ಳಿ ಕಡೆ ಇದ್ದವರು, ಈಗಲೂ ಇರುವವರು ಯಾರಾದರೂ ಇಲ್ಲಿದ್ದರೆ ಎರಡು ಮಾತು ಹೇಳಿ. ವಿಷಯ ಸಣ್ಣದು. ಐದು ಕೆಜಿ ಬ್ಯಾಡಗಿ ಮೆಣಸಿನಕಾಯಿ.

ನಮ್ಮವ್ವನಿಗೆ 78 ವರ್ಷ. ಪ್ರತಿ ಏಪ್ರಿಲ್‌ನಲ್ಲಿ ವರ್ಷಕ್ಕಾಗುವಷ್ಟು ಮಸಾಲೆ ಮಾಡಿಸುತ್ತಾಳೆ. ಮೆಣಸಿನಕಾಯಿ ಒಣಗಿಸಿ, ತೊಟ್ಟು ಮುರಿದು, ಕೊತ್ತಂಬರಿ ಬೀಜ, ಒಣಕೊಬ್ಬರಿ ಎಲ್ಲ ಹುರಿದುಕೊಂಡು ಲಾಲ್‌ಬಾಗಿನ ಮಿರ್ಚಿ ಗಲ್ಲಿಗೆ ಹೋಗಿ ಕುಟ್ಟಿಸಿಕೊಂಡು ಬರೋದು. 50 ವರ್ಷ ಚಾಳಿನ (ಗಿರಣಿ ಕಾರ್ಮಿಕರು ಇರುತ್ತಿದ್ದ, ಒಂದೇ ಕೋಣೆಯ ಮನೆಗಳ ಸಾಲು ಕಟ್ಟಡ) ಪಡಸಾಲೆಯಲ್ಲೇ ಹಳೆ ಸೀರೆ ಹಾಸಿ ಒಣಗಿಸಿದಳು. ಹಾದುಹೋಗುವವರು ಸೀನುತ್ತಾ, ಬೈಯುತ್ತಾ ದಾಟುತ್ತಿದ್ದರು. ಮಸಾಲೆ ಬಂದ ದಿನ ಅವರೇ ಬಟ್ಟಲು ಹಿಡಿದು ಬಾಗಿಲಿಗೆ ಬರುತ್ತಿದ್ದರು.

ಈಗ ಚಾಳಿಲ್ಲ. ಅದನ್ನು ಕೆಡವಿದರು, ಆರು ವರ್ಷ ಬೇರೆ ಕಡೆ ಬಾಡಿಗೆಗೆ ಇದ್ದೆವು, ಹೋದ ವರ್ಷ ಅದೇ ಜಾಗದ ಪುನರ್ವಸತಿ ಕಟ್ಟಡಕ್ಕೆ ಬಂದೆವು. 14ನೇ ಮಹಡಿ, 300 ಚದರಡಿ, ಮನೆಯೊಳಗೇ ಸಂಡಾಸು. ಮುಂದುಗಡೆ ಮಾರಾಟದ ಟವರ್, ಹಿಂದುಗಡೆ ನಾವು, ನಡುವೆ ಗೋಡೆ. ಅವರ ಗೇಟು ದೊಡ್ಡ ರಸ್ತೆಗೆ, ನಮ್ಮದು ಗಲ್ಲಿಗೆ. ಹೆಸರಿನಲ್ಲಿದ್ದ 'ಚಾಳ್' ತೆಗೆದು ಯಾವುದೋ ಇಟಲಿ ಊರಿನ ಹೆಸರು ಹಾಕಿದ್ದಾರೆ. ಅವ್ವನ ನಾಲಿಗೆಗೆ ಅದು ಹೊರಳಲ್ಲ. ಟ್ಯಾಕ್ಸಿಯವನಿಗೆ ಹಳೆ ಹೆಸರೇ ಹೇಳುತ್ತಾಳೆ. ಅವನಿಗೂ ಅದೇ ಗೊತ್ತು.

ಕಾರಿಡಾರಿನಲ್ಲಿ ಏನೂ ಒಣಗಿಸಬಾರದು ಅಂತ ನೋಟಿಸು ಅಂಟಿಸಿದ್ದಾರೆ. ಗಚ್ಚಿಗೆ (ಮೇಲಿನ ತಾರಸಿಗೆ) ಬೀಗ. ಘಾಟು ತಡೆಯಲಾಗಲ್ಲ ಅಂತ ಗೋಡೆಯಾಚೆಯಿಂದ ದೂರು ಹೋಗಿದೆಯಂತೆ. ಇನ್ನೊಂದು ಕಡೆ ದಲ್ಲಾಳಿ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಇದನ್ನು ಮಾರಿದರೆ ಬೆಳಗಾವಿಯಲ್ಲಿ ಅಂಗಳ ಇರೋ ಮನೆ ಬರುತ್ತೆ, ಕೈಯಲ್ಲಿ ದುಡ್ಡೂ ಉಳಿಯುತ್ತೆ. ಹೆಂಡತಿ ಮಾರೋಣ ಅಂತಾಳೆ. ಅವ್ವ ಬಾಯಿ ಬಿಡಲ್ಲ. ಇದು ಇನ್ನೂ ನಮ್ಮ ಏರಿಯಾನಾ, ಇಲ್ಲಾ ಸುಮ್ನೆ ಹಟ ಹಿಡಿದು ಕೂತಿದ್ದೇವಾ? ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?

ಕುಂದಾಪ್ರ ಮಾಣಿ:

ತಮ್ಮಾ, ನಾನು 1964ರಲ್ಲಿ 12 ವರ್ಷದ ಹುಡುಗ, ಬಸ್ಸು ಹತ್ತಿ ಬಂದವನು. ಬಟ್ಟೆ ಗಿರಣಿ ಕ್ಯಾಂಟೀನಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ, ರಾತ್ರಿ ಕನ್ನಡ ಶಾಲೆ. ಪಾಳಿ ಬಿಡುವ ಭೋಂಗಾ ಕೂಗುವುದರೊಳಗೆ ನೂರು ಗ್ಲಾಸು ಚಹಾ ಸುರಿದು ಸಾಲಾಗಿ ಇಟ್ಟಿರಬೇಕು. ಕೂದಲ ತುಂಬ ಹತ್ತಿ ಅಂಟಿಸಿಕೊಂಡು ಜನ ನುಗ್ಗುತ್ತಿದ್ದರು, ಇಪ್ಪತ್ತರ ಹುಡುಗರೂ ಮುದುಕರ ಹಾಗೆ ಕಾಣುತ್ತಿದ್ದರು.

'ನಮ್ಮ ಏರಿಯಾ' ಅಂದದ್ದಕ್ಕೆ ನಗು ಬಂತು ಮಾರಾಯ್ರೇ. 1967ರ ಲೋಕಸಭಾ ಚುನಾವಣೆಯಲ್ಲಿ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಕಾಂಗ್ರೆಸ್ಸಿನ ದೊಡ್ಡ ನಾಯಕ ಎಸ್.ಕೆ. ಪಾಟೀಲರನ್ನು ಸೋಲಿಸಿದಾಗ ಇದೇ ಊರು ಕುಣಿದಿತ್ತು. ಎರಡೇ ವರ್ಷ. 1969ರ ಫೆಬ್ರವರಿಯಲ್ಲಿ ಬೆಳಗಾವಿ ಗಡಿ ಗಲಾಟೆ. ಮುಂಬೈ ಹೊತ್ತಿ ಉರಿಯಿತು, 50ಕ್ಕೂ ಹೆಚ್ಚು ಜನ ಸತ್ತರು. ಉಡುಪಿ ಹೋಟೆಲುಗಳಿಗೆ ಕಲ್ಲು. ನಾವು ಬೋರ್ಡಿನ ಮೇಲೆ ಗೋಣಿಚೀಲ ಹೊದಿಸಿ, ಒಲೆ ಆರಿಸಿ, ಹಿಂದಿನ ಕೋಣೆಯಲ್ಲಿ ಅಕ್ಕಿ ಮೂಟೆ ನಡುವೆ ಕೂತೆವು. ಶಿವಸೇನೆಯವರ ಲೆಕ್ಕಕ್ಕೆ ನಾವೆಲ್ಲ 'ಮದ್ರಾಸಿ'ಗಳು. ಕಲ್ಲು ಹೊಡೆದವರಲ್ಲಿ ಪಕ್ಕದ ಗಲ್ಲಿಯ ಹುಡುಗರೂ ಇದ್ದರು. ಹೋಟೆಲು ಮತ್ತೆ ತೆರೆದ ಮೇಲೆ ಅವರೇ ಬಂದು ಇಡ್ಲಿ ತಿಂದರು. ಒಬ್ಬ 'ಇನ್ನೊಂಚೂರು ಸಾಂಬಾರ್' ಅಂದ. ಹಾಕಿದೆ. ಮತ್ತೆಂತ ಮಾಡುವುದು?

ಮರುವರ್ಷ ಜೂನ್‌ನಲ್ಲಿ ಲಾಲ್‌ಬಾಗಿನ ಕಮ್ಯುನಿಸ್ಟ್ ಶಾಸಕ ಕೃಷ್ಣ ದೇಸಾಯಿ ಅವರ ಕೊಲೆ ಆಯಿತು. ಉಪಚುನಾವಣೆಯಲ್ಲಿ ಶಿವಸೇನೆ ಗೆದ್ದಿತು, ಅದು ಅವರ ಮೊದಲ ಶಾಸಕ ಸ್ಥಾನ. ಕೆಂಪು ಬಾವುಟ ಹಾರುತ್ತಿದ್ದ ಕಂಬಕ್ಕೆ ಕೇಸರಿ ಬಂತು. ಕಂಬ ಅದೇ. ಈ ಜಾಗದ ಬಣ್ಣ ಮಾಲ್ ಬಂದ ಮೇಲೆ ಬದಲಾದದ್ದು ಅಂತ ತಿಳಿಯಬೇಡ.

ಎರಡನೇ ಮಹಡಿ:

ಪೋರ ಅವರೇ, ಅವ್ವನ ಮೆಣಸಿನಕಾಯಿ ಕತೆ ಓದಿ ಬಾಯಲ್ಲಿ ನೀರು ಬಂತು. ಆದರೆ ಚಾಳಿನ ಬಗ್ಗೆ ಗಂಡಸರು ಬರೆಯೋದು ಓದಿದರೆ ನನಗೆ ಸಿಟ್ಟೇ ಜಾಸ್ತಿ ಬರುತ್ತೆ.

ನಾನು ವರ್ಳಿಯ ಬಿಡಿಡಿ ಚಾಳಿನವಳು. ನಮ್ಮ ಅಜ್ಜ ಕಲಬುರಗಿ ಕಡೆಯವರು. 1920ರ ದಶಕದಲ್ಲಿ ಸರ್ಕಾರ ಕಟ್ಟಿಸಿದ ಕಟ್ಟಡಗಳು ಅವು. ಖೋಲಿಗೆ 160 ಚದರಡಿ, ಮಹಡಿಗೆ 20 ಖೋಲಿ, ಸಂಡಾಸು ಎಲ್ಲರಿಗೂ ಸೇರಿ ಮಹಡಿಯ ಕೊನೆಯಲ್ಲಿ. ಬೆಳಗ್ಗೆ ನಾಲ್ಕಕ್ಕೆ ಎದ್ದರೆ ಸಾಲಿಲ್ಲ, ಐದಕ್ಕೆ ಎದ್ದರೆ ಗಂಡಸರು ನಿಂತು ನೋಡುತ್ತಿರುತ್ತಾರೆ. ತಿಂಗಳ ಆ ನಾಲ್ಕು ದಿನ ಏನು ಮಾಡುತ್ತಿದ್ದೆವು ಅಂತ ಯಾವ ಗಂಡಸೂ ಬರೆದದ್ದು ನಾನು ಓದಿಲ್ಲ. 'ಬಾಗಿಲು ಹಾಕದ ಮನೆಗಳು' ಅಂತ ಹೊಗಳುತ್ತಾರೆ. ಬಾಗಿಲು ಹಾಕಿದರೆ ಗಾಳಿ ಬರುತ್ತಿರಲಿಲ್ಲ ರೀ!

ಒಗ್ಗಟ್ಟಿನ ಮಾತೂ ಅಷ್ಟೇ. 1974ರ ಜನವರಿಯಲ್ಲಿ ಇದೇ ಚಾಳುಗಳಲ್ಲಿ ದಲಿತ ಪ್ಯಾಂಥರ್ಸ್ (ದಲಿತ ಯುವಕರ ಸಂಘಟನೆ) ಮತ್ತು ಶಿವಸೇನೆ ಹೊಡೆದಾಡಿದವು. ಗಚ್ಚಿಗಳಿಂದ ಕಲ್ಲು, ಸೋಡಾ ಬಾಟಲಿ. ಮೆರವಣಿಗೆ ಮೇಲೆ ಎಸೆದ ಕಲ್ಲಿಗೆ ಭಾಗವತ್ ಜಾಧವ್ ಅನ್ನೋ ಪ್ಯಾಂಥರ್ ಹುಡುಗ ಸತ್ತ. ನಮ್ಮಮ್ಮ ಆ ವಾರ ನಲ್ಲಿಗೆ ಹೋಗಲು ಒಂದು ಕಟ್ಟಡ ಬಳಸಿಕೊಂಡು ಹೋಗುತ್ತಿದ್ದಳು. ಎದುರಿನ ಕಟ್ಟಡದವರು ಯಾವ ಜಾತಿ, ಇವಳು ಯಾವ ಜಾತಿ, ಎಲ್ಲರಿಗೂ ಗೊತ್ತಿತ್ತು.

ಈಗ ನಮ್ಮ ಚಾಳುಗಳ ಜಾಗದಲ್ಲೂ ಹೊಸ ಕಟ್ಟಡ ಕಟ್ಟುತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಮೊದಲ 556 ಮನೆಗಳ ಬೀಗದಕೈ ಕೊಟ್ಟರು, 500 ಚದರಡಿಯ ಮನೆಗಳು. ನಮ್ಮ ಸರದಿ ಇನ್ನೂ ಬಂದಿಲ್ಲ. ನಾದಿನಿಗೆ ಸಿಕ್ಕಿದೆ. ಮೊದಲ ದಿನ ಅವಳು ಬಚ್ಚಲಲ್ಲಿ ಒಂದು ಗಂಟೆ ಕೂತಿದ್ದಳಂತೆ, ಸುಮ್ನೆ, ಯಾರೂ ಬಾಗಿಲು ಬಡಿಯಲಿಲ್ಲ ಅಂತ. ಮೆಣಸಿನಕಾಯಿಗೆ ಜಾಗ ಕೇಳೋಣ, ಜಗಳವನ್ನೂ ಆಡೋಣ. ಆದರೆ ಹಳೇ ಚಾಳೇ ಚೆನ್ನಾಗಿತ್ತು ಅಂತ ಮಾತ್ರ ಹೇಳಬೇಡಿ.

ನೆಲದ ಲೆಕ್ಕ:

ಅಕ್ಕ ಹೇಳಿದ್ದು ಸರಿ. ಆದರೆ ಸಂಡಾಸು ಬೇಕು ಅಂದ ತಪ್ಪಿಗೆ ಇಡೀ ಏರಿಯಾವನ್ನೇ ಬೆಲೆಯಾಗಿ ಕೊಡಬೇಕಿತ್ತಾ ಅನ್ನೋದು ಪ್ರಶ್ನೆ.

ಸ್ವಲ್ಪ ಲೆಕ್ಕ ಹೇಳುತ್ತೇನೆ, ಬೇಜಾರಾದರೆ ಬಿಟ್ಟು ಮುಂದೆ ಹೋಗಿ. ಗಿರಣಿಗಳ ಜಮೀನು ಸುಮಾರು 600 ಎಕರೆ. 1982ರ ಜನವರಿ 18ರಂದು ಡಾ. ದತ್ತಾ ಸಾಮಂತ್ ಮುಂದಾಳತ್ವದಲ್ಲಿ ಮುಷ್ಕರ ಶುರುವಾಯಿತು, ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಅದು ಮುಗಿಯಿತು ಅಂತ ಯಾರೂ ಅಧಿಕೃತವಾಗಿ ಹೇಳಲೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಬಟ್ಟೆಗಿಂತ ನೆಲವೇ ಜಾಸ್ತಿ ಲಾಭ ಅಂತ ಮಾಲೀಕರಿಗೆ ಗೊತ್ತಾಗಿತ್ತು.

1991ರ ನಿಯಮದಲ್ಲಿ ಜಮೀನು ಹೆಚ್ಚು ಕಡಿಮೆ ಮೂರು ಪಾಲು: ಮೈದಾನ, ತೋಟಕ್ಕೆ ಪಾಲಿಕೆಗೆ ಒಂದು, ಸಾಮಾನ್ಯ ಜನರ ಮನೆಗೆ ಒಂದು, ಮಾಲೀಕರಿಗೆ ಒಂದು. 2001ರಲ್ಲಿ ತಿದ್ದಿದರು. ಪಾಲು ಮಾಡಬೇಕಾದ್ದು ಖಾಲಿ ಬಿದ್ದ ಜಾಗ ಮಾತ್ರ, ಶೆಡ್ಡು ನಿಂತ ಜಾಗ ಲೆಕ್ಕಕ್ಕಿಲ್ಲ ಅಂತ. ಗಿರಣಿ ಅಂದರೆ ಪೂರ್ತಿ ಶೆಡ್ಡೇ ಅಲ್ವಾ? ಹೈಕೋರ್ಟ್ 2005ರಲ್ಲಿ ಆಗಲ್ಲ ಅಂದಿತು, ಸುಪ್ರೀಂ ಕೋರ್ಟ್ 2006ರಲ್ಲಿ ಆಗುತ್ತೆ ಅಂದಿತು. ಮುಗಿಯಿತು. ಮುಂಬೈ ಟೆಕ್ಸ್‌ಟೈಲ್ ಮಿಲ್ಸ್‌ನ 17 ಎಕರೆ 2005ರಲ್ಲಿ 702 ಕೋಟಿಗೆ ಮಾರಾಟವಾಗಿ, ಏಳು ವರ್ಷಕ್ಕೆ 2,727 ಕೋಟಿಗೆ ಕೈ ಬದಲಾಯಿತು. ಅಲ್ಲಿ ಒಂದು ಮೀಟರ್ ಬಟ್ಟೆ ನೇಯಲಿಲ್ಲ.

ಕಾರ್ಮಿಕರಿಗೆ? 2012ರ ಲಾಟರಿಯಲ್ಲಿ 6,925 ಮನೆ, 2020ರಲ್ಲಿ 3,894. ಅರ್ಜಿ ಹಾಕಿದವರು ಒಂದೂವರೆ ಲಕ್ಷದ ಹತ್ತಿರ. ಉಳಿದವರಿಗೆ ಈಗ ಶೇಲು, ವಾಂಗಣಿಯಲ್ಲಿ ಮನೆ ಅಂತಾರೆ. ಕರ್ಜತ್ ದಾರಿಯಲ್ಲಿ ಬದ್ಲಾಪುರ ದಾಟಿ ಮುಂದೆ. ಅರ್ಜಿ ಹಾಕಿದವನಿಗೆ 75 ವರ್ಷ.

ಚಹಾ ಬಿಸ್ಕತ್:

ಲೋವರ್ ಪರೇಲ್‌ಗೆ ಬಿಲ್ಡರುಗಳು 'ಅಪ್ಪರ್ ವರ್ಳಿ' ಅಂತ ಹೆಸರಿಟ್ಟಾಗಲೇ ನಾನು ಅಂದುಕೊಂಡೆ, ಇವರು ನಾಳೆ ನಮ್ಮ ಧಾರವಾಡಕ್ಕೆ 'ಲೋವರ್ ಗೋವಾ' ಅಂತ ಇಡುತ್ತಾರೆ. ಕ್ಷಮಿಸಿ, ನೀವು ಮುಂದುವರಿಸಿ.

ಹೊಸ ಬಾಡಿಗೆ:

ಬೈಸಿಕೊಳ್ಳಲು ತಯಾರಾಗಿಯೇ ಬರೆಯುತ್ತಿದ್ದೇನೆ. ನಾನು ಗೋಡೆಯ ಆ ಕಡೆಯವನು. ಪೋರ ಅವರ ಕಟ್ಟಡದಲ್ಲ, ಅಂಥದ್ದೇ ಇನ್ನೊಂದರಲ್ಲಿ ಬಾಡಿಗೆಗಿದ್ದೇನೆ. ಆಫೀಸೂ ಹಳೆ ಗಿರಣಿ ಕಂಪೌಂಡಿನಲ್ಲೇ. ಊಟಕ್ಕೆ ಹೋಗುವ ದಾರಿಯಲ್ಲಿ ಚಿಮಣಿ ಇದೆ, ರಾತ್ರಿ ಅದಕ್ಕೆ ನೇರಳೆ ಬಣ್ಣದ ದೀಪ ಬಿಡುತ್ತಾರೆ. ಎರಡು ವರ್ಷ ಅದನ್ನು ಅಲಂಕಾರಕ್ಕೆ ಕಟ್ಟಿದ್ದು ಅಂದುಕೊಂಡಿದ್ದೆ.

ನಾನು ದಾವಣಗೆರೆಯವನು. ನಮ್ಮ ತಾತ ಅಲ್ಲಿನ ಹತ್ತಿಗಿರಣಿಯಲ್ಲಿ ಇದ್ದವರು. ನಮ್ಮೂರಿಂದಲೂ ಕಮ್ಯುನಿಸ್ಟ್ ಶಾಸಕರು ಗೆದ್ದಿದ್ದರು. ಅಲ್ಲೂ ಗಿರಣಿ ಮುಚ್ಚಿದವು. ತಾತ ಕೊನೆಗೆ ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆದರು. ಅವರ ಮೊಮ್ಮಗ ಇಲ್ಲಿ ಬಂದು ಇನ್ಯಾರದ್ದೋ ತಾತನ ಗಿರಣಿಯಲ್ಲಿ ಎಸಿ ಹಾಕಿಕೊಂಡು ಕೂತಿದ್ದಾನೆ. ಇದರಲ್ಲಿ ನನ್ನ ತಪ್ಪು ಎಷ್ಟು ಅಂತ ಪ್ರಾಮಾಣಿಕವಾಗಿ ಕೇಳುತ್ತಿದ್ದೇನೆ.

ನನಗೂ ಇಲ್ಲಿ ಸುಖ ಏನಿಲ್ಲ. 2017ರ ಸೆಪ್ಟೆಂಬರ್ 29ರಂದು ಎಲ್ಫಿನ್‌ಸ್ಟನ್ ರೋಡ್ ಸ್ಟೇಷನ್ನಿನ ಪಾದಚಾರಿ ಸೇತುವೆಯಲ್ಲಿ ಕಾಲ್ತುಳಿತ, 23 ಜನ ಸತ್ತರು. ನನ್ನ ಜೊತೆ ಕೆಲಸ ಮಾಡುವವರೊಬ್ಬರು ಆ ಮೆಟ್ಟಿಲ ಮೇಲೇ ಇದ್ದರು, ಬದುಕಿಕೊಂಡರು. ಗಿರಣಿಯವರು ಪಕ್ಕದ ಚಾಳಿನಿಂದ ನಡೆದು ಬರುತ್ತಿದ್ದರು, ನಾವು ಸಾವಿರಾರು ಜನ ದೂರದಿಂದ ರೈಲಿನಲ್ಲಿ ಬರುತ್ತೇವೆ. ಕಟ್ಟಡಕ್ಕೆಲ್ಲ ಅನುಮತಿ ಕೊಟ್ಟವರು ಮೆಟ್ಟಿಲ ಅಗಲ ನೋಡಲೇ ಇಲ್ಲ. ಅದೇ ಡಿಸೆಂಬರ್‌ನಲ್ಲಿ ಕಮಲಾ ಮಿಲ್ಸ್ ಕಂಪೌಂಡಿನ ಮಾಳಿಗೆ ಪಬ್‌ಗಳಲ್ಲಿ ಬೆಂಕಿ, 14 ಸಾವು. ಗೋಡೆಯ ಎರಡೂ ಕಡೆ ಬಿಲ್ಡರೇ ಗೆದ್ದಿರೋದು ಅನ್ನಿಸುತ್ತೆ.

ಮೆಣಸಿನ ಘಾಟಿನ ದೂರು ಮಾತ್ರ ನಾನು ಕೊಟ್ಟಿಲ್ಲ, ಆಣೆ.

ಪರೇಲ್ ಪೋರ:

ಹೊಸ ಬಾಡಿಗೆ ಅವರೇ, ನಿಮ್ಮನ್ನು ಯಾರೂ ಬೈಯಲ್ಲ. ಬೈಯಬೇಕು ಅಂತಲೇ ಕೂತಿದ್ದೆ, ಮಂಡಕ್ಕಿ ಭಟ್ಟಿ ಅಂದಮೇಲೆ ಆಗಲಿಲ್ಲ.

ಅಪ್ಪನ ವಿಷಯ ಹೇಳುತ್ತೇನೆ. ಅಪ್ಪ ಬೈಲಹೊಂಗಲದ ಹತ್ತಿರದವರು. ಅವರು ಹುಟ್ಟಿದಾಗ ನಮ್ಮ ಕಡೆಯೆಲ್ಲ ಮುಂಬೈ ಪ್ರಾಂತ್ಯವೇ, ಹಾಗಾಗಿ ಪರ ಊರಿಗೆ ಬಂದೆ ಅಂತ ಅವರಿಗೆ ಅನ್ನಿಸಿರಲೇ ಇಲ್ಲವಂತೆ. ಮಗ್ಗದ ಖಾತೆಯಲ್ಲಿ ಕೆಲಸ. ಆ ಸದ್ದಿನಲ್ಲಿ ಮಾತು ಕೇಳಲ್ಲ, ಎಲ್ಲರೂ ತುಟಿ ನೋಡಿ, ಕೈಸನ್ನೆಯಲ್ಲೇ ಮಾತಾಡುತ್ತಿದ್ದರು. 20 ವರ್ಷಕ್ಕೆ ಕಿವಿ ಅರ್ಧ ಹೋಗಿತ್ತು. ಮನೆಯಲ್ಲಿ ಉಪ್ಪು ಕೇಳಿದರೂ ಮೂರು ಖೋಲಿಗೆ ಕೇಳಿಸುತ್ತಿತ್ತು.

ಮುಷ್ಕರ ಎರಡು ತಿಂಗಳು ಅಂದುಕೊಂಡಿದ್ದರು. ಎಂಟನೇ ತಿಂಗಳಿಗೆ ಅವ್ವನ ಬೋರಮಾಳ ಹೋಯಿತು. ಅಪ್ಪ ಊರಿಗೆ ಹೋಗಿ ಅಣ್ಣನ ಹೊಲದಲ್ಲಿ ಕೂಲಿಗೆ ನಿಂತರು. ಅವ್ವ ಇಲ್ಲೇ ಉಳಿದಳು. ಅಲ್ಲಿವರೆಗೂ ಎಂಟು ಜನ ಕಾರ್ಮಿಕರಿಗೆ ಖಾನಾವಳಿ ನಡೆಸುತ್ತಿದ್ದಳು, ಅವರಿಗೂ ಪಗಾರ ಇಲ್ಲ, ಇವಳಿಗೂ ಬಾಕಿ ಬರಲಿಲ್ಲ. ಆಗ ಶುರುಮಾಡಿದ್ದು ಈ ಮಸಾಲೆ ಕೆಲಸ. ಬೇರೆಯವರ ಮೆಣಸಿನಕಾಯಿಯ ತೊಟ್ಟು ಮುರಿಯೋದು, ಕೆಜಿಗೆ ಇಷ್ಟು ಅಂತ. ನಾನು, ತಂಗಿ ಶಾಲೆಗೆ ಹೋಗುವಾಗ ಬೆರಳು ಉರಿಯುತ್ತಿರುತ್ತಿತ್ತು, ಕಣ್ಣು ಮುಟ್ಟಿಕೊಳ್ಳುವ ಹಾಗಿಲ್ಲ.

ಎಷ್ಟೋ ವರ್ಷದ ಮೇಲೆ ಗಿರಣಿ ಇದ್ದ ಜಾಗದಲ್ಲೇ ಮಾಲ್ ಆಯಿತು. ಅಪ್ಪನಿಗೆ ಅಲ್ಲಿ ವಾಚ್‌ಮನ್ ಕೆಲಸ ಸಿಕ್ಕಿತು. ಬಾಗಿಲಲ್ಲಿ ನಿಂತು 'ಬ್ಯಾಗ್ ತೋರಿಸಿ' ಅನ್ನೋದು. ಅಪ್ಪನ ದನಿಗೆ ಜನ ಬೆಚ್ಚಿ ಬೀಳುತ್ತಿದ್ದರು. ಮೆಲ್ಲಗೆ ಮಾತಾಡು ಅಂತ ಮೇಲಿನವನು ಹೇಳಿದ. ಅಪ್ಪನಿಗೆ ತಮ್ಮ ದನಿ ತಮಗೆ ಕೇಳಿಸಿದರೆ ತಾನೆ ಮೆಲ್ಲಗೆ ಮಾಡೋದು? ಮೂರು ವಾರಕ್ಕೆ ಬಿಟ್ಟು ಬಂದರು. ಯಾರನ್ನೂ ಬೈಯಲಿಲ್ಲ.

ಅದಕ್ಕೇ ನನಗೆ ಮಾರೋದು ಅಂದರೆ ಏನೋ ಒಂಥರ. ಇಲ್ಲಿಂದ ನಮ್ಮನ್ನು ಓಡಿಸಿದ್ದು ಟವರ್ ಅಲ್ಲ, 1982ರಲ್ಲೇ ಓಡಿಸಿ ಆಗಿತ್ತು. ಅವ್ವ ಹೋಗಲಿಲ್ಲ ಅಷ್ಟೇ.

ಮುಂಬ್ರಾ ಸ್ಲೋ ಲೋಕಲ್:

ಇಷ್ಟು ದಿನ ಓದಿ ಸುಮ್ಮನಿದ್ದೆ. ಎಲ್ಲರೂ 1969, 1974, 1982 ಅಂದಿರಿ. 1993ರ ಕೋಮುಗಲಭೆಯ ಹೆಸರನ್ನು ಯಾರೂ ಎತ್ತಲಿಲ್ಲ. ನೆನಪಿಲ್ಲದೆ ಅಲ್ಲ ಅಂತ ಗೊತ್ತು.

ನಮ್ಮದು ವಿಜಯಪುರ. ಅಬ್ಬಾ ಕೂಡ ಮಗ್ಗದ ಖಾತೆಯಲ್ಲೇ ಇದ್ದವರು, ಅವರ ಕಿವಿಯೂ ಹಾಗೇ. ಕಾಳಾಚೌಕಿ ಹತ್ತಿರದ ಚಾಳು, ಮಹಡಿಯಲ್ಲಿ ಮುಸ್ಲಿಂ ಮನೆ ಎರಡೇ. ಮುಷ್ಕರದಲ್ಲಿ ನಮ್ಮಮ್ಮಿಯೂ ಎಲ್ಲರ ಜೊತೆ ಕೂತು ಬೀದಿಯಲ್ಲಿ ಘೋಷಣೆ ಕೂಗಿದ್ದಳು. ಒಂದೇ ಪಾತ್ರೆಯ ಗಂಜಿ ಹಂಚಿಕೊಂಡಿದ್ದರು. ಹನ್ನೊಂದೇ ವರ್ಷದ ಮೇಲೆ, ಜನವರಿಯಲ್ಲಿ, ಪಕ್ಕದ ಮನೆಯವರು ನಮ್ಮನ್ನು ಎರಡು ರಾತ್ರಿ ಅವರ ಖೋಲಿಯಲ್ಲಿ ಬಚ್ಚಿಟ್ಟರು. ನನಗೆ ಒಂಬತ್ತು ವರ್ಷ. ಮಂಚದ ಕೆಳಗೆ, ಗಣಪತಿ ಹಬ್ಬದ ಸಾಮಾನಿನ ಟ್ರಂಕು ಪಕ್ಕ ಮಲಗಿದ್ದೆ. ಮೂರನೇ ಬೆಳಗ್ಗೆ ಅದೇ ಕಾಕಾ ಬಂದು 'ಹೊರಡಿ, ಇನ್ನು ನಮ್ಮ ಕೈಲಾಗಲ್ಲ' ಅಂದರು. ಕಣ್ಣಲ್ಲಿ ನೀರಿತ್ತು. ಆಶ್ರಯ ಕೊಟ್ಟವರೂ ಅವರೇ, ಹೋಗಿ ಅಂದವರೂ ಅವರೇ. ಇವತ್ತಿಗೂ ಅವರನ್ನು ಯಾವ ಲೆಕ್ಕಕ್ಕೆ ಸೇರಿಸಬೇಕು ಅಂತ ನನಗೆ ತಿಳಿದಿಲ್ಲ.

1992ರ ಡಿಸೆಂಬರ್, 1993ರ ಜನವರಿ ಸೇರಿ ಸುಮಾರು 900 ಜನ ಸತ್ತರು ಅಂತ ಗಲಭೆಯ ತನಿಖೆ ಮಾಡಿದ ಶ್ರೀಕೃಷ್ಣ ಆಯೋಗ ಬರೆಯಿತು. ಮಾರ್ಚ್ 12ಕ್ಕೆ ಬಾಂಬು, 257 ಸಾವು, ವರ್ಳಿಯ ಸೆಂಚುರಿ ಬಜಾರಿನಲ್ಲೂ ಸಿಡಿಯಿತು. ಆಮೇಲೆ ನಮ್ಮಂಥವರು ಗಂಟುಮೂಟೆ ಕಟ್ಟಿ ಮುಂಬೈ ಹೊರಗಿನ ಮುಂಬ್ರಾಕ್ಕೆ ಬಂದೆವು. ಖೋಲಿಯ ಪಗಡಿ ಹಕ್ಕನ್ನು (ಮುಂಗಡ ದುಡ್ಡು ಕೊಟ್ಟು ಪಡೆದ ಕಾಯಂ ಬಾಡಿಗೆ ಹಕ್ಕನ್ನು) ಸಿಕ್ಕಷ್ಟಕ್ಕೆ ಬಿಟ್ಟೆವು. ಅದೇ ಖೋಲಿಯ ಬದಲಿಗೆ ಇವತ್ತು ಯಾರಿಗೋ ಟವರಿನ ಹಿಂದೆ 300 ಚದರಡಿ ಸಿಕ್ಕಿರುತ್ತೆ. ಪೋರ ಅವರೇ, ನಿಮಗೆ ಮಾರಬೇಕಾ ಬೇಡವಾ ಅಂತ ಯೋಚಿಸಲು ಒಂದು ಮನೆಯಾದರೂ ಇದೆ. ಕುಟುಕಬೇಕು ಅಂತ ಹೇಳುತ್ತಿಲ್ಲ, ಇರೋದು ಹಾಗೆ.

ಕುಂದಾಪ್ರ ಮಾಣಿ:

ನಾನು ಬರೆಯಬೇಕಿತ್ತು. ಆ ಜನವರಿಯಲ್ಲಿ ನಮ್ಮ ಹೋಟೆಲಿನ ಮುಂದಿನ ಬೇಕರಿಗೆ ಬೆಂಕಿ ಇಟ್ಟರು. ನಾವು ಶಟರ್ ಎಳೆದುಕೊಂಡು ಒಳಗೆ ಕೂತೆವು. ಕಿಂಡಿಯಿಂದ ನೋಡಿದೆ. 1969ರಲ್ಲಿ ಗೋಣಿಚೀಲದ ಹಿಂದೆ ನಾನೇ ಕೂತಿದ್ದವನು. ಆದರೂ ಶಟರ್ ಎತ್ತಲಿಲ್ಲ.

ಎರಡನೇ ಮಹಡಿ:

ಮುಂಬ್ರಾ ಅಣ್ಣ, ನೀವು ಬರೆದದ್ದು ಓದಿ ನಾದಿನಿಗೂ ಓದಿ ಹೇಳಿದೆ. ನಮ್ಮ ಮಹಡಿಯಿಂದಲೂ ಒಂದು ಮನೆ ಹಾಗೇ ಖಾಲಿಯಾಯಿತು. ನಾನಾಗ ಕಾಲೇಜು. 'ಅವರು ದೊಡ್ಡ ಮನೆಗೆ ಹೋದರು' ಅಂತ ಮನೆಯಲ್ಲಿ ಹೇಳಿದರು, ನಂಬಿದ ಹಾಗೆ ಇದ್ದೆ.

ನೆಲದ ಲೆಕ್ಕ:

ಪೋರ ಅವರಿಗೆ ಒಂದು ಕೆಲಸದ ಮಾತು. ಮಾರೋದು ಬಿಡೋದು ನಿಮ್ಮಿಷ್ಟ. ಆದರೆ ನಿರ್ವಹಣಾ ಶುಲ್ಕ ಯಾರು, ಎಷ್ಟು ವರ್ಷ ಕಟ್ಟುತ್ತಾರೆ ಅಂತ ಒಪ್ಪಂದದಲ್ಲಿ ನೋಡಿಕೊಳ್ಳಿ. ಬಿಲ್ಡರ್ ಇಟ್ಟ ದುಡ್ಡು ಮುಗಿದ ಮೇಲೆ ಲಿಫ್ಟು, ಪಂಪು, ವಾಚ್‌ಮನ್ ಖರ್ಚೆಲ್ಲ ನಿಮ್ಮ ತಲೆಗೇ. ಚಾಳಿಗೆ ತಿಂಗಳಿಗೆ ನೂರರ ಲೆಕ್ಕದಲ್ಲಿ ಬಾಡಿಗೆ ಕೊಟ್ಟವರು ಅಲ್ಲೇ ಸೋಲೋದು. ಮನೆ ಮಾರುವುದಕ್ಕೆ ಕಾರಣ ಸಾಮಾನ್ಯವಾಗಿ ಆಸೆ ಅಲ್ಲ, ಆ ತಿಂಗಳ ಬಿಲ್ಲು. ಗಚ್ಚಿಯ ಬೀಗದಕೈ ಸೊಸೈಟಿ ಹತ್ತಿರ ಇರಬೇಕು, ಬಿಲ್ಡರ್ ಹತ್ತಿರ ಅಲ್ಲ. ಬರೆದು ಕೇಳಿ.

ಮುಂಬ್ರಾ ಸ್ಲೋ ಲೋಕಲ್:

ಅವ್ವ ಮಸಾಲೆ ಮಾಡಿಸಿದರೆ ಅರ್ಧ ಕೆಜಿ ನನಗೂ ಹೇಳಿ. ದುಡ್ಡು ಕೊಟ್ಟೇ ತಗೊಳ್ಳೋದು. ಇಲ್ಲಿ ಸಿಗೋದರಲ್ಲಿ ಬ್ಯಾಡಗಿ ಬಣ್ಣ ಇರುತ್ತೆ, ಆ ವಾಸನೆ ಬರಲ್ಲ. ಅಮ್ಮಿಗೆ ಈಗ 80 ಆಯಿತು.

ಪರೇಲ್ ಪೋರ:

ಎಲ್ಲರಿಗೂ ಥ್ಯಾಂಕ್ಸ್. ಮಾರೋ ವಿಷಯ ಇನ್ನೂ ಹಾಗೇ ಇದೆ. ಹೆಂಡತಿ ಈ ಚರ್ಚೆ ಪೂರ್ತಿ ಓದಿದಳು, 'ಅಕ್ಕ ಹೇಳಿದ್ದು ಸರಿ' ಅಂದು ಫೋನ್ ವಾಪಸ್ ಕೊಟ್ಟಳು. ಒಪ್ಪಂದ ತೆಗೆದು ನೋಡಿದೆ, ನಿರ್ವಹಣೆ ದುಡ್ಡು ಇರೋದು ಹತ್ತು ವರ್ಷಕ್ಕೆ.

ಮೆಣಸಿನಕಾಯಿ ಕತೆ ಮುಂದುವರಿದಿದೆ. ಬರೆದು ಕೇಳಿ ಅಂದಿದ್ದರಲ್ಲ, ಅವ್ವನಿಗೆ ಹೇಳಿದೆ. ಅವಳೇ ಅರ್ಜಿ ಬರೆದಳು. ಮರಾಠಿ ಮಾತು ನೀರು ಕುಡಿದ ಹಾಗೆ, ಬರೆಯಲು ಮಾತ್ರ ಕನ್ನಡವೇ. 'ಐದು ಕೆಜಿ, ಎರಡು ದಿನ, ಗಚ್ಚಿ ಗುಡಿಸಿ ಕೊಡುತ್ತೇನೆ' ಅಂತ ನಾಲ್ಕು ಸಾಲು, ಕೆಳಗೆ ಸಹಿ. ಕಾರ್ಯದರ್ಶಿ ನಮ್ಮ ಹಳೆ ಮಹಡಿಯ ಹುಡುಗನೇ, ಕೊಂಕಣದವನು. ಕಾಗದ ತಿರುಗಿಸಿ ಮುರುಗಿಸಿ ನೋಡಿದ, ಒಂದಕ್ಷರ ಓದಲು ಬರಲಿಲ್ಲ. ಸೀಲು ಒತ್ತಿ ಬೀಗದಕೈ ಕೊಟ್ಟ. ಶನಿವಾರ, ಭಾನುವಾರ, 11ರಿಂದ 4.

ಮುಂಬ್ರಾ ಅಣ್ಣ, ಅವ್ವ ಅರ್ಧ ಅಲ್ಲ, ಒಂದು ಕೆಜಿ ಅಂದಿದ್ದಾಳೆ. ನಿಮ್ಮಮ್ಮಿ ಖಾರ ಎಷ್ಟು ತಿನ್ನುತ್ತಾರೆ ಅಂತ ಕೇಳು ಅಂದಳು. ಭಾನುವಾರದೊಳಗೆ ತಿಳಿಸಿ, ಗುಂಟೂರು ಎಷ್ಟು ಸೇರಿಸಬೇಕು ಅಂತ ಲೆಕ್ಕ ಹಾಕಬೇಕಂತೆ.